ಒಂಟಿ ಬೆಳಕಿನ ಕಣವೂ ಅದರ ಕಿರುಗಾಲುವೆಯೂ

(ಸಂಸೆಯಲ್ಲಿ ಶ್ರೀಮಠದ ಮಹೋತ್ಸವದ ಅಂಗವಾಗಿ ಕೂಡಿದ ಭಕ್ತಸಭೆಯಲ್ಲಿ ಕೊಟ್ಟ ಉಪನ್ಯಾಸ)

॥ ಶ್ರೀ ಗುರುಬಸವಲಿಂಗಾಯ ನಮಃ ॥

 

ಮಠಗಳ ಮಹೋತ್ಸವಗಳಲ್ಲಿ ಧರ್ಮ, ನೀತಿ, ಶರಣಚರಿತ್ರೆಗಳನ್ನು ಕುರಿತು ಉಪನ್ಯಾಸಗಳಾಗುವುದು ಸಂಪ್ರದಾಯವು. ಈ ದಿನದ ವಿಷಯವಾದರೋ ಭೌತಶಾಸ್ತ್ರಕ್ಕೆ ಸೇರಿದುದು. ಹಳ್ಳಿಯ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ನೀಡಿದ ಕೀರ್ತಿಯು ಈ ನಾಡಿನ ವೀರಶೈವ ಮಠಗಳಿಗೆ ಸಲ್ಲುವುದು ಸರ್ವವಿದಿತವಷ್ಟೆ. ಅಕ್ಷರದ ಬಾಗಿಲು ಒಮ್ಮೆ ತೆರೆದ ಮೇಲೆ, ಇಂತಹ ಶಾಸ್ತ್ರವು ನಮ್ಮದು, ಇಂತಹುದು ನಮ್ಮದಲ್ಲ ಎಂದು ಹೊಸ್ತಿಲಲ್ಲಿ ಗೆರೆಯೆಳೆಯುವುದು ಉಚಿತವಲ್ಲವೆಂದೇ ಈ ವಿಷಯವನ್ನು ಆರಿಸಿಕೊಂಡುದಾಗಿದೆ.

ಸಂಸೆ, ಕಳಸದ ಸುತ್ತಿನ ಮನೆಗಳಲ್ಲಿ ಅಬ್ಬಿಯ ನೀರನ್ನು ಅಂಗಳಕ್ಕೆ ತರುತ್ತಿದ್ದ ಕ್ರಮವು ಹಿರಿಯರೆಲ್ಲರೂ ಬಲ್ಲುದೇ. ಅಡಕೆಯ ಮರವನ್ನು ಉದ್ದಕ್ಕೆ ಸೀಳಿ, ಒಳಗಣ ತಿರುಳನ್ನು ಕೆತ್ತಿ ತೆಗೆದು, ದಂಬೆಗಳನ್ನು ಮಾಡಿ, ಕವೆಗೋಲುಗಳ ಮೇಲೆ ಒಂದರ ಬಾಯಿಗೆ ಇನ್ನೊಂದರ ತುದಿಯನ್ನು ಕೂಡಿಸಿ, ಗುಡ್ಡದ ಓರೆಯಿಂದ ನೀರನ್ನು ಇಳಿಸುತ್ತಿದ್ದರು. ಈಗ ಕಪ್ಪು ಪೈಪುಗಳು ಬಂದು ದಂಬೆಗಳು ವಿರಳವಾಗಿವೆಯಾದರೂ ಅವುಗಳ ಗುಣದೋಷಗಳನ್ನು ಮರೆತವರಿಲ್ಲ. ಆಷಾಢದಲ್ಲಿ ಸಂದುಗಳಿಂದ ಎಷ್ಟು ನೀರು ಸೋರಿಹೋದರೂ ಯಾರೂ ಕೇಳುವುದಿಲ್ಲ. ವೈಶಾಖದಲ್ಲಿ ಅಬ್ಬಿಯು ಬತ್ತಿ ಬೆರಳಿನ ಗಾತ್ರಕ್ಕೆ ಇಳಿದಾಗ, ಒಂದೊಂದು ಸಂದಿನ ಸೋರಿಕೆಯೂ ಬಚ್ಚಲಿನ ಹಂಡೆಯಲ್ಲಿ ಕಾಣಿಸುತ್ತದೆ.

ಇಲ್ಲಿ ವಿವರಿಸತಕ್ಕ ಶಾಸ್ತ್ರವು ನೀರಿಗೆ ಬದಲಾಗಿ ಬೆಳಕನ್ನು ಹರಿಸುವ ದಂಬೆಗಳದು. ಅದು ಯಾವಾಗಲೂ ವೈಶಾಖದ ಶಾಸ್ತ್ರವೇ. ಏಕೆಂದರೆ ಅಲ್ಲಿ ಹರಿಯುವುದು ಬೆಳಕಿನ ಪ್ರವಾಹವಲ್ಲ, ಒಂದೊಂದೇ ಹನಿ. ಇಂಗ್ಲಿಷ್ ಭಾಷೆಯಲ್ಲಿ ಇದನ್ನು ಇಂಟಿಗ್ರೇಟೆಡ್ ಕ್ವಾಂಟಂ ನ್ಯಾನೊಫೋಟಾನಿಕ್ಸ್ ಎಂದು ಕರೆಯುವರು. ಹೆಸರು ಹೆದರಿಸುವಂತಿದ್ದರೂ ಅದರ ಅರ್ಥವು ಇಷ್ಟೇ: ಬೆಳಕಿನ ಒಂಟಿ ಕಣಗಳನ್ನು ಹುಟ್ಟಿಸುವ, ನಡೆಸುವ, ಕೂಡಿಸುವ, ಎಣಿಸುವ ಉಪಕರಣಗಳೆಲ್ಲವನ್ನೂ ಅತಿ ಸೂಕ್ಷ್ಮವಾಗಿ ಕೆತ್ತಿ ಒಂದೇ ಬಿಲ್ಲೆಯ ಮೇಲೆ ಅಳವಡಿಸುವ ವಿದ್ಯೆ.

ಬೆಳಕಿಗೆ ಹನಿಯುಂಟೆ ಎಂದು ಸಹಜವಾಗಿಯೇ ಕೇಳಬಹುದು. ೧೯೦೦ನೆಯ ಇಸವಿಯಲ್ಲಿ ಜರ್ಮನಿಯ ಪ್ಲಾಂಕ್ ಎಂಬ ವಿದ್ವಾಂಸರು, ಕಾದ ವಸ್ತುವು ಬೆಳಕಿನ ಶಕ್ತಿಯನ್ನು ಎಡೆಬಿಡದ ಧಾರೆಯಾಗಿ ಅಲ್ಲ, ಗೊತ್ತಾದ ಪ್ರಮಾಣದ ತುಣುಕುಗಳಾಗಿ ಹೊರಸೂಸುವುದೆಂದು ಊಹಿಸಿದರು. ೧೯೦೫ರಲ್ಲಿ ಐನ್‌ಸ್ಟೈನರು ಇನ್ನೊಂದು ಹೆಜ್ಜೆ ಮುಂದಿಟ್ಟು, ಬೆಳಕೇ ಅಂತಹ ತುಣುಕುಗಳಾಗಿ ವರ್ತಿಸುವುದೆಂದರು. ಆ ತುಣುಕಿಗೆ ಈಗ ಫೋಟಾನ್ ಎಂದು ಹೆಸರು. ಕಣ್ಣಿಗೆ ಅದು ಬಿಡಿಬಿಡಿಯಾಗಿ ಕಾಣದಿರಲು ಕಾರಣವು ಅದರ ಅಲ್ಪತ್ವವೇ. ಒಂದು ವ್ಯಾಟಿನ ಸಾವಿರದಲ್ಲೊಂದು ಪಾಲಿನಷ್ಟು ಕ್ಷೀಣವಾದ, ತಂತಿವಾರ್ತೆಗೆ ಬಳಸುವ ಕಣ್ಣಿಗೆ ಕಾಣದ ಅತಿಕೆಂಪು ಬೆಳಕಿನಲ್ಲಿ, ಸೆಕೆಂಡಿಗೆ ಸುಮಾರು ೭,೮೦೦ ಲಕ್ಷ ಕೋಟಿ ಫೋಟಾನುಗಳು ಹಾದುಹೋಗುವುವು. ಅವುಗಳಲ್ಲಿ ಒಂದನ್ನೇ ಬೇರ್ಪಡಿಸಿ ಅದರ ಕೈಯಲ್ಲಿ ಕೆಲಸ ಮಾಡಿಸಬೇಕೆಂಬುದು ಈ ಶಾಸ್ತ್ರದ ಹಟ.

ಈ ಕಣಗಳ ಸ್ವಭಾವವನ್ನು ಎಣಿಸುವ ಸರಿಯಾದ ಲೆಕ್ಕವನ್ನು ಮೊದಲು ತೋರಿಸಿಕೊಟ್ಟವರು ಭಾರತೀಯರೆಂಬುದನ್ನು ಇಲ್ಲಿ ಸ್ಮರಿಸತಕ್ಕದ್ದು. ೧೯೨೪ರಲ್ಲಿ ಢಾಕಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಸತ್ಯೇಂದ್ರನಾಥ ಬೋಸರು ತಮ್ಮ ಲೇಖನವನ್ನು ಐನ್‌ಸ್ಟೈನರಿಗೆ ಕಳುಹಿಸಿದರು. ಐನ್‌ಸ್ಟೈನರು ಅದನ್ನು ತಾವೇ ಜರ್ಮನ್ ಭಾಷೆಗೆ ತಿರುಗಿಸಿ ಅಚ್ಚಿಗೆ ಕೊಟ್ಟರು. ಒಂದೇ ಬಗೆಯ ಎರಡು ಫೋಟಾನುಗಳಲ್ಲಿ ಇದು ಆ ಕಣ, ಅದು ಈ ಕಣ ಎಂದು ಗುರುತು ಹಚ್ಚುವುದು ಅಸಾಧ್ಯ. ಅವುಗಳಿಗೆ ಹೆಸರಿಟ್ಟು ಎಣಿಸಕೂಡದು ಎಂಬುದು ಆ ಲೆಕ್ಕದ ಸಾರ. ಅರುವತ್ತಮೂರು ವರ್ಷಗಳ ತರುವಾಯ, ೧೯೮೭ರಲ್ಲಿ, ಹಾಂಗ್, ಊ, ಮ್ಯಾಂಡೆಲ್ ಎಂಬ ಮೂವರು ಅಮೆರಿಕೆಯಲ್ಲಿ ಒಂದು ಪ್ರಯೋಗವನ್ನು ಮಾಡಿದರು. ಬೆಳಕನ್ನು ಸರಿಯರ್ಧವಾಗಿ ಹಂಚುವ ಕನ್ನಡಿಯೊಂದಕ್ಕೆ ಎರಡು ಕಡೆಗಳಿಂದ ಏಕಕಾಲದಲ್ಲಿ ಎರಡು ಸಮಾನ ಫೋಟಾನುಗಳನ್ನು ಬಿಟ್ಟಾಗ, ಅವು ಎಂದಿಗೂ ಒಂದೊಂದು ದಾರಿಯಲ್ಲಿ ಅಗಲಿ ಹೋಗದೆ ಜೊತೆಗೂಡಿ ಒಂದೇ ದಾರಿಯಲ್ಲಿ ಹೊರಟವು. ಹೆಸರಿಲ್ಲದ ಕಣಗಳ ಈ ಕೂಡುಹೋಗುವಿಕೆಯೇ ಬೆಳಕಿನ ಬಿಲ್ಲೆಯ ಮೇಲೆ ನಡೆಯುವ ಗಣಿತಕ್ಕೆಲ್ಲ ತಳಹದಿಯಾಗಿದೆ.

ಫೋಟಾನಿನ ಇನ್ನೊಂದು ಗುಣವು ಇದಕ್ಕಿಂತಲೂ ಮುಖ್ಯವಾದುದು. ಅದನ್ನು ನಕಲು ಮಾಡಲಾಗುವುದಿಲ್ಲ. ಓಲೆಗರಿಯನ್ನು ಪ್ರತಿ ತೆಗೆಯಬಹುದು, ದೀಪದಿಂದ ದೀಪವನ್ನು ಹಚ್ಚಬಹುದು. ಆದರೆ ಯಾವ ಸ್ಥಿತಿಯಲ್ಲಿರುವುದೆಂದು ತಿಳಿಯದ ಒಂದು ಫೋಟಾನನ್ನು, ಮೂಲವು ಕೆಡದ ಹಾಗೆ, ಎರಡಾಗಿಸುವ ಯಂತ್ರವು ಪ್ರಕೃತಿಯ ನಿಯಮದಂತೆಯೇ ಇರಲಾರದೆಂದು ೧೯೮೨ರಲ್ಲಿ ವೂಟರ್ಸ್ ಮತ್ತು ಜುರೆಕ್ ಎಂಬವರೂ, ಬೇರೆಯಾಗಿ ಡೀಕ್ಸ್ ಎಂಬವರೂ ಸಾಧಿಸಿ ತೋರಿಸಿದರು. ಈ ಕೊರತೆಯೇ ಒಂದು ವರವಾದುದು ಹೇಗೆಂಬ ಕಥೆಯು ಕನ್ನಡನಾಡಿನ ನೆಲದ ಮೇಲೆ ನಡೆದುದೆಂಬುದನ್ನು ಬಲ್ಲವರು ಕಡಿಮೆ.

೧೯೮೪ನೆಯ ಇಸವಿ ಡಿಸೆಂಬರ್ ೧೦ರಿಂದ ೧೨ರ ವರೆಗೆ ಬೆಂಗಳೂರಿನಲ್ಲಿ ಗಣಕಯಂತ್ರ ಮತ್ತು ಸಂಕೇತಶಾಸ್ತ್ರಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಸಮ್ಮೇಳನವೊಂದು ಸೇರಿತು. ಅದರ ನಡವಳಿಯ ೧೭೫ರಿಂದ ೧೭೯ನೆಯ ಪುಟಗಳಲ್ಲಿ ಚಾರ್ಲ್ಸ್ ಬೆನೆಟ್ ಎಂಬ ಅಮೆರಿಕದ ವಿದ್ವಾಂಸರೂ ಜೀಲ್ ಬ್ರಸಾರ್ ಎಂಬ ಕೆನಡಾದ ವಿದ್ವಾಂಸರೂ ಕೂಡಿ ಬರೆದ ಲೇಖನವೊಂದು ಅಚ್ಚಾಯಿತು. ಐದೇ ಪುಟಗಳು. ಇಂದು ಜಗತ್ತಿನಲ್ಲಿ ಕ್ವಾಂಟಂ ಗುಪ್ತಲಿಪಿಯೆಂಬ ಹೆಸರಿನಲ್ಲಿ ನಡೆಯುವ ಕಾರ್ಯಕ್ಕೆಲ್ಲ ಆ ಪುಟಗಳೇ ಮೂಲ. ಅವರಿಬ್ಬರ ಹೆಸರುಗಳ ಮೊದಲಕ್ಷರಗಳನ್ನೂ ವರ್ಷವನ್ನೂ ಕೂಡಿಸಿ ಅದನ್ನು ಬಿ.ಬಿ. ೮೪ ಎಂದು ಕರೆಯುವರು. ಬೆಂಗಳೂರಿನ ಆ ಸಭಾಮಂದಿರಕ್ಕೆ ಒಂದು ಸ್ಮಾರಕಶಿಲೆಯನ್ನು ಹಾಕಿಸಿದರೆ ಅನುಚಿತವಾಗಲಾರದು.

ಅದರ ಯುಕ್ತಿಯನ್ನು ಹೀಗೆ ತಿಳಿಯಬಹುದು. ಸಂಸೆಯಲ್ಲಿರುವ ಒಬ್ಬನು ಬೆಂಗಳೂರಿನಲ್ಲಿರುವ ತನ್ನ ಮಗನಿಗೆ ಗುಟ್ಟಾದ ಒಂದು ಸಂಖ್ಯೆಯನ್ನು, ಎಂದರೆ ಒಂದು ಬೀಗದ ಕೈಯನ್ನು, ಕಳುಹಿಸಬೇಕಾಗಿದೆ. ಅವನು ಒಂದೊಂದು ಫೋಟಾನನ್ನೂ ಅದರ ಕಂಪನದ ದಿಕ್ಕನ್ನು ಗೊತ್ತುಮಾಡಿ ಕಳುಹಿಸುತ್ತಾನೆ; ಕೆಲವನ್ನು ನೆಟ್ಟಗೆ ಅಥವಾ ಅಡ್ಡಲಾಗಿ, ಕೆಲವನ್ನು ಎಡವೋರೆಯಾಗಿ ಅಥವಾ ಬಲವೋರೆಯಾಗಿ. ಎರಡು ಬಗೆಗಳಲ್ಲಿ ಯಾವುದನ್ನು ಎಂದು ಚೀಟಿಯೆತ್ತಿದಂತೆ ಆರಿಸುತ್ತಾನೆ. ಮಗನೂ ಯಾವ ಬಗೆಯಲ್ಲಿ ಅಳೆಯಬೇಕೆಂಬುದನ್ನು ಹಾಗೆಯೇ ಆರಿಸುತ್ತಾನೆ. ಆಮೇಲೆ ಇಬ್ಬರೂ ಬಹಿರಂಗವಾಗಿಯೇ ಮಾತನಾಡಿ, ತಾವು ಆರಿಸಿದ ಬಗೆಗಳು ಹೊಂದಿದ ಕಡೆ ಮಾತ್ರ ಫಲವನ್ನು ಇಟ್ಟುಕೊಂಡು ಉಳಿದುದನ್ನು ಬಿಡುತ್ತಾರೆ. ನಡುದಾರಿಯಲ್ಲಿ ಕಳ್ಳನೊಬ್ಬನು ಫೋಟಾನನ್ನು ಹಿಡಿದು ನೋಡಿದನೆನ್ನಿ. ನಕಲು ತೆಗೆದುಕೊಂಡು ಮೂಲವನ್ನು ಬಿಟ್ಟುಕೊಡಲು ಅವನಿಗೆ ಪ್ರಕೃತಿಯ ಅಪ್ಪಣೆಯಿಲ್ಲ. ನೋಡಿದೊಡನೆ ಅದು ಕೆಡುತ್ತದೆ. ತಾನು ಕಂಡಂತೆ ಇನ್ನೊಂದನ್ನು ಮಾಡಿ ಕಳುಹಿಸಿದರೂ, ಎಲ್ಲವನ್ನೂ ಹಿಡಿದು ಹೀಗೆಯೇ ಮಾಡಿದ ಪಕ್ಷದಲ್ಲಿ, ತಂದೆಮಕ್ಕಳು ಇಟ್ಟುಕೊಂಡ ಅಂಕಿಗಳಲ್ಲಿ ನೂರಕ್ಕೆ ಇಪ್ಪತ್ತೈದು ತಪ್ಪಾಗಿರುತ್ತವೆ. ಕೆಲವು ಅಂಕಿಗಳನ್ನು ತಾಳೆನೋಡಿದರೆ ಕಳ್ಳತನವು ಹೊರಬೀಳುವುದು.

ಇಂತಹ ಬೀಗದ ಅಗತ್ಯವೇನೆಂದರೆ, ಇಂದಿನ ಹಣಕಾಸಿನ ವ್ಯವಹಾರ, ಆಸ್ಪತ್ರೆಯ ದಾಖಲೆ, ರಾಜ್ಯದ ಗುಟ್ಟು ಇವುಗಳನ್ನು ಕಾಯುವ ಬೀಗಗಳಲ್ಲಿ ಬಹುಪಾಲು ಕೆಲವು ಗಣಿತಪ್ರಶ್ನೆಗಳ ಕಾಠಿಣ್ಯವನ್ನೇ ನೆಚ್ಚಿಕೊಂಡಿವೆ. ಕ್ವಾಂಟಂ ಗಣಕಯಂತ್ರವೊಂದು ಸಿದ್ಧವಾದರೆ ಆ ಪ್ರಶ್ನೆಗಳು ಸುಲಭವಾಗುವುವೆಂದು ಪೀಟರ್ ಶೋರ್ ಎಂಬವರು ೧೯೯೪ರಲ್ಲಿ ತೋರಿಸಿದರು. ಅಷ್ಟು ದೊಡ್ಡ ಯಂತ್ರವು ಇನ್ನೂ ಆಗಿಲ್ಲ. ಆದರೆ ಇಂದು ಕದ್ದು ಕೂಡಿಟ್ಟ ಪತ್ರವನ್ನು ಯಂತ್ರವು ಬಂದ ದಿನ ಬಿಚ್ಚಬಹುದಾದುದರಿಂದ, ಬಹುಕಾಲ ಗುಟ್ಟಾಗಿರಬೇಕಾದ ವಿಷಯಗಳಿಗೆ ಭಯವು ಇಂದಿನದೇ.

ಇನ್ನು ಸಂಸೆಯ ತಂದೆಯ ಕಡೆಗೆ ಮರಳೋಣ. ಅವನ ಯುಕ್ತಿಯಲ್ಲಿ ಒಂದು ಕಷ್ಟವುಂಟು. ಫೋಟಾನುಗಳನ್ನು ಗಾಜಿನ ಎಳೆಯಲ್ಲಿ ಕಳುಹಿಸಿದರೆ, ಇಂದು ದೊರೆಯುವ ಉತ್ತಮವಾದ ಎಳೆಯಲ್ಲಿಯೂ ಸುಮಾರು ೧೫ ಕಿಲೋಮೀಟರಿಗೆ ಅರ್ಧದಷ್ಟು ನಷ್ಟವಾಗುತ್ತವೆ. ಇಲ್ಲಿಂದ ಬೆಂಗಳೂರಿಗೆ ಎಳೆಯ ಉದ್ದವು ೩೦೦ ಕಿಲೋಮೀಟರು ಎಂದಿಟ್ಟುಕೊಂಡರೆ, ಅರ್ಧದ ಅರ್ಧದ ಅರ್ಧವೆಂದು ಇಪ್ಪತ್ತು ಸಲ ಆಗಿ, ಹತ್ತು ಲಕ್ಷ ಫೋಟಾನುಗಳು ಹೊರಟರೆ ಒಂದು ಮುಟ್ಟುತ್ತದೆ. ಸಾಮಾನ್ಯ ದೂರವಾಣಿಯ ಬೆಳಕಿಗೆ ದಾರಿಯಲ್ಲಿ ಅಲ್ಲಲ್ಲಿ ವರ್ಧಕಗಳನ್ನಿಟ್ಟು ಬಲ ತುಂಬುವರು. ಇಲ್ಲಿ ಹಾಗೆ ಮಾಡುವಂತಿಲ್ಲ. ಬಲ ತುಂಬುವುದೆಂದರೆ ನಕಲು ತೆಗೆಯುವುದೇ ಅಲ್ಲವೆ? ಕಳ್ಳನನ್ನು ತಡೆದ ನಿಯಮವೇ ಒಡೆಯನನ್ನೂ ತಡೆಯುತ್ತದೆ. ಆದುದರಿಂದ ಈ ವಿದ್ಯೆಯಲ್ಲಿ ಮಿಕ್ಕ ಜಾಣ್ಮೆಗಳೆಲ್ಲಕ್ಕಿಂತ ಮೊದಲು ಕಲಿಯತಕ್ಕದ್ದು, ಇರುವುದನ್ನು ಚೆಲ್ಲದಿರುವುದನ್ನು.

ಬೆನೆಟ್ ಮತ್ತು ಬ್ರಸಾರರು ತಮ್ಮ ಸಂಗಡಿಗರೊಡನೆ ೧೯೮೯ರಲ್ಲಿ ಈ ಯುಕ್ತಿಯನ್ನು ಮೊದಲ ಬಾರಿಗೆ ಪ್ರಯೋಗ ಮಾಡಿ ನೋಡಿದಾಗ, ಬೆಳಕು ಸಾಗಿದ ದೂರವು ಸುಮಾರು ೩೦ ಸೆಂಟಿಮೀಟರು, ಎಂದರೆ ಒಂದು ಗೇಣಿಗಿಂತ ತುಸು ಹೆಚ್ಚು. ಆ ಯಂತ್ರದಲ್ಲಿ ಒಂದು ವಿನೋದವೂ ಇತ್ತು. ಕಂಪನದ ದಿಕ್ಕನ್ನು ಬದಲಿಸುವ ವಿದ್ಯುತ್ ಉಪಕರಣವು ಒಂದೊಂದು ದಿಕ್ಕಿಗೂ ಒಂದೊಂದು ಬಗೆಯ ಸದ್ದು ಮಾಡುತ್ತಿದ್ದುದರಿಂದ, ಕಳ್ಳನು ಕಿವುಡನಾಗಿದ್ದರೆ ಮಾತ್ರ ಗುಟ್ಟು ಉಳಿಯುವುದೆಂದು ಬ್ರಸಾರರೇ ಹಾಸ್ಯ ಮಾಡಿದ್ದುಂಟು. ನಗುವ ಮಾತೆಂದು ಬಿಡುವಂತಿಲ್ಲ. ೨೦೧೦ರಲ್ಲಿ ನಾರ್ವೆ ಮತ್ತು ಜರ್ಮನಿಯ ಸಂಶೋಧಕರು, ಮಾರಾಟಕ್ಕೆ ಬಂದಿದ್ದ ಇಂತಹ ಯಂತ್ರಗಳ ಫೋಟಾನ್ ಗ್ರಾಹಕಗಳನ್ನು ಪ್ರಖರವಾದ ಬೆಳಕಿನಿಂದ ಕುರುಡುಗೊಳಿಸಿ ಗುಟ್ಟನ್ನು ತೆಗೆಯಬಹುದೆಂದು ಮಾಡಿ ತೋರಿಸಿದರು. ನಿಯಮವು ಅಭೇದ್ಯವಾದರೂ ಯಂತ್ರವು ಮನುಷ್ಯನು ಮಾಡಿದ್ದು.

ಆ ಕಾಲದ ಪ್ರಯೋಗಶಾಲೆಯಲ್ಲಿ ಇಂತಹ ಕಾರ್ಯಕ್ಕೆ ಒಂದು ಕೊಠಡಿಯೇ ಬೇಕಾಗುತ್ತಿತ್ತು. ನಡುಗದಂತೆ ನಿಲ್ಲಿಸಿದ ಭಾರವಾದ ಮೇಜು, ಅದರ ಮೇಲೆ ನೂರಾರು ಕನ್ನಡಿ, ಮಸೂರ, ತಿರುಪುಗಳು. ಒಂದು ಕನ್ನಡಿಯು ಕೂದಲೆಳೆಯಷ್ಟು ಅಲುಗಿದರೆ ದಿನದ ದುಡಿಮೆಯು ವ್ಯರ್ಥ. ಇಂತಹ ಮೇಜುಗಳು ಇಂದಿಗೂ ಇವೆ, ಮುಂದೆಯೂ ಇರುವುವು. ಆದರೆ ೨೦೦೮ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾನಿಲಯದವರು ಸಿಲಿಕಾನಿನ ಬಿಲ್ಲೆಯ ಮೇಲೆ ಗಾಜಿನ ಕಿರುಗಾಲುವೆಗಳನ್ನು ಬರೆದು, ಎರಡು ಫೋಟಾನುಗಳು ಜೊತೆಗೂಡಿ ಹೊರಡುವ ಆ ಪ್ರಯೋಗವನ್ನು ಮೇಜಿನಿಂದ ಬಿಲ್ಲೆಗೆ ಇಳಿಸಿದರು. ಅಲ್ಲಿಂದೀಚೆಗೆ ಕಾಲುವೆಗಳು ಇನ್ನೂ ಕಿರಿದಾಗುತ್ತ ಬಂದಿವೆ.

ಎಷ್ಟು ಕಿರಿದೆಂಬುದನ್ನು ಊಹಿಸಲು ಈ ನಾಡಿನ ಒಂದು ಹಕ್ಕಿಯು ಸಹಾಯ ಮಾಡುವುದು. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠವು ಬಯಲುಸೀಮೆಯ ಕಡೆ ತಂತಿಗಳ ಮೇಲೆ ಕುಳಿತಿರುವುದನ್ನು ಕಂಡವರುಂಟು. ಕುಳಿತಾಗ ಸಾಧಾರಣವಾಗಿ ಕಂಡರೂ, ಹಾರಿದೊಡನೆ ರೆಕ್ಕೆಯ ನೀಲಿಯು ಬೆರಗುಗೊಳಿಸುತ್ತದೆ. ಶಿವನ ಹೆಸರನ್ನು ಹೊತ್ತ ಈ ಹಕ್ಕಿಯ ಗರಿಯಲ್ಲಿ ನೀಲಿಯ ಬಣ್ಣವೇ ಇಲ್ಲ. ಗರಿಯನ್ನು ಅರೆದು ಪುಡಿಮಾಡಿದರೆ ನೀಲಿ ಪುಡಿ ದೊರೆಯುವುದಿಲ್ಲ. ಗರಿಯ ಒಳಗಿನ ಪದಾರ್ಥದಲ್ಲಿ ಬೆಳಕಿನ ಅಲೆಯ ಅಳತೆಗೆ ಹೊಂದುವಷ್ಟು ಸೂಕ್ಷ್ಮವಾದ ಗಾಳಿಯ ರಂಧ್ರಗಳಿದ್ದು, ಆ ರಚನೆಯೇ ನೀಲಿಯನ್ನು ಮಾತ್ರ ತಿರುಗಿಸಿ ಕಳುಹಿಸುತ್ತದೆ. ೧೯೩೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದ ಸರ್ ಚಂದ್ರಶೇಖರ ವೆಂಕಟರಾಮನ್ನರು ಮರುವರ್ಷವೇ ಪಕ್ಷಿಗಳ ಗರಿಯ ಬಣ್ಣವನ್ನು ಕುರಿತು ಬರೆದ ಲೇಖನದಲ್ಲಿ ಈ ನೀಲಕಂಠದ ಗರಿಯನ್ನೇ ಪರೀಕ್ಷೆಗೆ ತೆಗೆದುಕೊಂಡಿದ್ದರು. ರಚನೆಯಿಂದ ಬೆಳಕನ್ನು ಆಳುವುದು, ಬಣ್ಣ ಬಳಿದಲ್ಲ: ನ್ಯಾನೊಫೋಟಾನಿಕ್ಸ್ ಎಂಬುದರ ಅರ್ಧ ತಾತ್ಪರ್ಯವು ಇದೇ. ಪ್ರಕೃತಿಯು ಗರಿಯಲ್ಲಿ ಮಾಡಿದುದನ್ನು ಮನುಷ್ಯನು ಈಗ ಕಲ್ಲಿನಲ್ಲಿ ಮಾಡಲು ಕಲಿತಿದ್ದಾನೆ.

ಆ ಕಲ್ಲು ಸಿಲಿಕಾನ್, ಮರಳಿನಿಂದ ತೆಗೆದ ಧಾತು. ಅದರ ಕಾಲುವೆಯು ಸಾಮಾನ್ಯವಾಗಿ ೨೨೦ ನ್ಯಾನೊಮೀಟರು ದಪ್ಪ, ೪೫೦ರಿಂದ ೫೦೦ ನ್ಯಾನೊಮೀಟರು ಅಗಲ. ನ್ಯಾನೊಮೀಟರೆಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ತಲೆಗೂದಲಿನ ಅಗಲದಲ್ಲಿ ಇಂತಹ ನೂರೈವತ್ತು ಕಾಲುವೆಗಳನ್ನು ಒತ್ತಾಗಿ ಇಡಬಹುದು. ಕಾಲುವೆಯ ಸುತ್ತಲೂ ಗಾಜಿನ ಪದರವಿರುತ್ತದೆ. ಸಿಲಿಕಾನಿನ ವಕ್ರೀಭವನಾಂಕವು ಸುಮಾರು ೩.೫, ಗಾಜಿನದು ಸುಮಾರು ೧.೪೫, ಈ ಅಂತರವು ದೊಡ್ಡದಾದುದರಿಂದ ಬೆಳಕು ಹೊರಕ್ಕೆ ಹಾಯದೆ ಒಳಗೇ ಹಿಡಿಯಲ್ಪಟ್ಟು, ಒಂದು ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲಿನಷ್ಟು ಬಿಗಿಯಾದ ತಿರುವಿನಲ್ಲಿಯೂ ಹೊರಳುತ್ತದೆ. ಎರಡು ಕಾಲುವೆಗಳನ್ನು ಇನ್ನೂರು ನ್ಯಾನೊಮೀಟರಿನಷ್ಟು ಸಮೀಪಕ್ಕೆ ತಂದರೆ ಬೆಳಕು ಗೋಡೆಯನ್ನು ದಾಟಿ ಮೆಲ್ಲಗೆ ನೆರೆಯ ಕಾಲುವೆಗೆ ಜಿನುಗುತ್ತದೆ. ಜೊತೆಯಾಗಿ ಸಾಗುವ ಉದ್ದವನ್ನು ಸರಿಯಾಗಿ ಗೊತ್ತುಮಾಡಿದರೆ ಅರ್ಧಕ್ಕೆ ಅರ್ಧ ಹಂಚಿಹೋಗುತ್ತದೆ. ಮೇಜಿನ ಮೇಲಿನ ಅರ್ಧಗನ್ನಡಿಗೆ ಇದು ಬದಲಿ. ಕಾಲುವೆಯ ಪಕ್ಕದಲ್ಲಿ ಸಣ್ಣ ಲೋಹದ ಎಳೆಯನ್ನಿಟ್ಟು ಬಿಸಿಮಾಡಿದರೆ ಸಿಲಿಕಾನಿನ ಗುಣವು ತುಸು ಬದಲಾಗಿ ಬೆಳಕಿನ ಅಲೆಯು ಹಿಂದುಮುಂದಾಗುತ್ತದೆ. ಅದು ತೂಬಿನ ಹಲಗೆಯಂತೆ ಬೆಳಕನ್ನು ಈ ದಾರಿಗೋ ಆ ದಾರಿಗೋ ತಿರುಗಿಸುವ ಕೈ.

ಫೋಟಾನಿನ ಹುಟ್ಟೂ ಅಲ್ಲಿಯೇ ಆಗಬಹುದು. ತೀವ್ರವಾದ ಲೇಸರ್ ಬೆಳಕನ್ನು ಉಂಗುರದಾಕಾರದ ಕಾಲುವೆಯಲ್ಲಿ ಸುತ್ತಿಸಿದಾಗ, ಒಮ್ಮೊಮ್ಮೆ ಅದರ ಎರಡು ಫೋಟಾನುಗಳು ಅಳಿದು, ಬೇರೆ ಬಣ್ಣದ ಎರಡು ಅವಳಿ ಫೋಟಾನುಗಳು ಹುಟ್ಟುತ್ತವೆ. ಅವಳಿಗಳಲ್ಲಿ ಒಂದನ್ನು ಹಿಡಿದರೆ ಇನ್ನೊಂದು ಇದೆಯೆಂದು ಸಾರಿದಂತಾಯಿತು. ಕಷ್ಟವೇನೆಂದರೆ ಈ ಹುಟ್ಟು ನಮ್ಮ ಇಚ್ಛೆಗೆ ಒಳಪಟ್ಟುದಲ್ಲ. ಲೇಸರನ್ನು ಹೆಚ್ಚಿಸಿದರೆ ಒಂದಕ್ಕೆ ಬದಲಾಗಿ ಎರಡು ಜೊತೆಗಳು ಹುಟ್ಟಿ ಲೆಕ್ಕವು ಕೆಡುತ್ತದೆ. ತಗ್ಗಿಸಿದರೆ ಬಹಳ ಹೊತ್ತು ಏನೂ ಹುಟ್ಟುವುದಿಲ್ಲ. ಕೊನೆಯಲ್ಲಿ ಎಣಿಸುವ ಗ್ರಾಹಕವಾದರೋ, ಶೂನ್ಯಕ್ಕಿಂತ ಸುಮಾರು ೨೭೦ ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ ಇಟ್ಟ ಅತಿವಾಹಕ ಲೋಹದ ಎಳೆ. ಒಂದು ಫೋಟಾನ್ ಬಿದ್ದೊಡನೆ ಅದರ ಅತಿವಾಹಕತ್ವವು ಕ್ಷಣಕಾಲ ಮುರಿದು ಒಂದು ವಿದ್ಯುತ್ ಸ್ಪಂದವು ಏಳುತ್ತದೆ.

ಕರಸ್ಥಲದಲ್ಲಿ ಇಷ್ಟಲಿಂಗವನ್ನು ಧರಿಸುವ ಸಮಾಜಕ್ಕೆ, ಅಂಗೈಯಗಲದಲ್ಲಿ ಮಹತ್ತಾದುದು ನೆಲೆಸೀತೆಂಬ ಮಾತು ಹೊಸದಾಗಿ ತೋರಲಾರದು. ಆದರೆ ಈ ಸಾಮ್ಯವನ್ನು ಹಿಡಿದುಕೊಂಡು, ಕಲ್ಯಾಣದ ಶರಣರು ಕ್ವಾಂಟಂ ಶಾಸ್ತ್ರವನ್ನು ಮೊದಲೇ ಅರಿತಿದ್ದರೆಂದು ಹೇಳುವ ವಾಡಿಕೆಯು ಈಚೆಗೆ ವೇದಿಕೆಗಳಲ್ಲಿ ಹಬ್ಬುತ್ತಿರುವುದು ಒಳ್ಳೆಯದಲ್ಲ. ಅದರಿಂದ ಶರಣರ ಗೌರವವು ಹೆಚ್ಚುವುದಿಲ್ಲ, ಶಾಸ್ತ್ರವೂ ಬೆಳೆಯುವುದಿಲ್ಲ. ಹನ್ನೆರಡನೆಯ ಶತಮಾನದ ಮಹನೀಯರು ಅರಸಿದುದು ಅಂಗಲಿಂಗಗಳ ಸಾಮರಸ್ಯವನ್ನು. ಅವರ ಅನುಭಾವಕ್ಕೆ ಯಂತ್ರದ ಸಾಕ್ಷ್ಯವು ಬೇಕಾಗಿರಲಿಲ್ಲ. ಹೋಲಿಕೆಯು ನಿಜವಾಗಿ ಸಲ್ಲುವುದು ಇನ್ನೊಂದು ಕಡೆಯಲ್ಲಿ. ಹಗ್ಗ ಹೊಸೆಯುವ ಚಂದಯ್ಯ, ಬುಟ್ಟಿ ಹೆಣೆಯುವ ಕೇತಯ್ಯ, ಅಂಬಿಗರ ಚೌಡಯ್ಯ ಇವರೆಲ್ಲರ ಕಾಯಕವೂ ಅರಿವಿಗೆ ಸಮನೆಂದು ಎಣಿಸಲ್ಪಟ್ಟಂತೆಯೇ, ಬೆಳಕಿನ ಬಿಲ್ಲೆಯಲ್ಲಿಯೂ ಗಣಿತ ಬಲ್ಲವನ ತಲೆಗಿಂತ ಕೆತ್ತುವವನ ಕೈ ಕೀಳಲ್ಲ.

ಆ ಕೆತ್ತನೆಯ ಕೊಠಡಿಗೆ ಹೊಕ್ಕವರು ನೋಡುವ ಮೊದಲ ದೃಶ್ಯವು ಮಡಿಯುಟ್ಟ ಜನರದು. ಅಡಿಯಿಂದ ಮುಡಿಯವರೆಗೆ ನಿಲುವಂಗಿ, ಕೈಗೆ ಚೀಲ, ಬಾಯಿಗೆ ಬಟ್ಟೆ. ಶರಣರು ಪಂಚಸೂತಕಗಳನ್ನು ಕಳೆದವರಾದುದರಿಂದ ಇಲ್ಲಿ ಒಂದು ಮಾತನ್ನು ಹೇಳಬೇಕಾಗಿದೆ: ಈ ಮಡಿಯು ಧೂಳಿನದು, ಜಾತಿಯದಲ್ಲ. ಒಂದು ಧೂಳಿನ ಕಣವು ಹತ್ತಾರು ಕಾಲುವೆಗಳನ್ನು ಒಮ್ಮೆಗೇ ಮುಚ್ಚಬಲ್ಲುದು. ಬೆಂಗಳೂರಿನಲ್ಲಿ ಇಂತಹ ಕೊಠಡಿಗಳು ಭಾರತೀಯ ವಿಜ್ಞಾನ ಮಂದಿರದ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಇವೆ. ಸಿಲಿಕಾನ್ ಮತ್ತು ಸಿಲಿಕಾನ್ ನೈಟ್ರೈಡಿನ ಬೆಳಕುಗಾಲುವೆಗಳ ಸಂಶೋಧನೆಯು ಅಲ್ಲಿ ನಡೆಯುತ್ತಿದೆ. ಆ ಮಂದಿರವು ೧೯೦೯ರಲ್ಲಿ ಜಮ್‌ಶೇಟ್‌ಜಿ ಟಾಟಾರವರ ಸಂಕಲ್ಪದಿಂದಲೂ ಮೈಸೂರು ಸಂಸ್ಥಾನದ ಭೂದಾನದಿಂದಲೂ ಸ್ಥಾಪಿತವಾಯಿತು. ರಾಮನ್ನರು ೧೯೪೮ರಲ್ಲಿ ಬೇರೆಯಾಗಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪ್ರಾಧ್ಯಾಪಕಿ ಉರ್ಬಸಿ ಸಿನ್ಹಾ ಎಂಬವರ ಪ್ರಯೋಗಶಾಲೆಯು, ಭಾರತೀಯ ಬಾಹ್ಯಾಕಾಶ ಸಂಸ್ಥೆಯ ಸಹಕಾರದಿಂದ, ಒಂಟಿ ಫೋಟಾನುಗಳ ಮೂಲಕ ಗುಪ್ತ ಕೀಲಿಯನ್ನು ಕಳುಹಿಸುವ ಕಾರ್ಯದಲ್ಲಿ ತೊಡಗಿದ್ದು, ಎರಡು ಕಟ್ಟಡಗಳ ನಡುವೆ ತೆರೆದ ಗಾಳಿಯಲ್ಲಿ ಅದು ಸಾಧ್ಯವೆಂದು ೨೦೨೧ರಲ್ಲಿ ತೋರಿಸಿತು. ಅದೇ ವರ್ಷ ಮಾರ್ಚ್ ತಿಂಗಳಲ್ಲಿ ಬಾಹ್ಯಾಕಾಶ ಸಂಸ್ಥೆಯವರು ಅಹಮದಾಬಾದಿನಲ್ಲಿ ೩೦೦ ಮೀಟರು ದೂರಕ್ಕೆ, ಸೂರ್ಯನ ಬೆಳಕು ಅಡ್ಡಬಾರದಂತೆ ರಾತ್ರಿಯ ವೇಳೆ, ಇಂತಹುದೇ ಪ್ರಯೋಗವನ್ನು ಮಾಡಿದರು. ಸಂಸೆಯ ಮಂಜನ್ನು ಬಲ್ಲವರಿಗೆ ತೆರೆದ ಗಾಳಿಯ ಕಷ್ಟವನ್ನು ವಿವರಿಸಬೇಕಾಗಿಲ್ಲ. ಹತ್ತು ಮಾರು ದೂರದ ಲಾಂದ್ರವೇ ಇಲ್ಲಿ ಕಾಣದಿರುವ ದಿನಗಳುಂಟು.

೨೦೨೩ನೆಯ ಇಸವಿ ಏಪ್ರಿಲ್ ೧೯ರಂದು ಭಾರತ ಸರ್ಕಾರವು ರಾಷ್ಟ್ರೀಯ ಕ್ವಾಂಟಂ ಮಿಷನ್ ಎಂಬ ಯೋಜನೆಗೆ, ೨೦೩೦-೩೧ರ ವರೆಗಿನ ಅವಧಿಗೆ, ೬,೦೦೩.೬೫ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಎರಡು ಸಾವಿರ ಕಿಲೋಮೀಟರುಗಳ ವರೆಗೆ ಗುಪ್ತವಾರ್ತೆಯನ್ನು ಮುಟ್ಟಿಸುವುದು ಅದರ ಉದ್ದೇಶಗಳಲ್ಲೊಂದು. ಯೋಜನೆಯ ನಾಲ್ಕು 'ಹಬ್'ಗಳಲ್ಲಿ ಗಣಕಯಂತ್ರಕ್ಕೆ ಸಂಬಂಧಿಸಿದುದು ಬೆಂಗಳೂರಿನ ವಿಜ್ಞಾನ ಮಂದಿರಕ್ಕೂ, ವಾರ್ತಾಸಂಚಾರಕ್ಕೆ ಸಂಬಂಧಿಸಿದುದು ಮದ್ರಾಸಿನ ಐ.ಐ.ಟಿ.ಗೂ ದೊರೆತಿವೆ. ಹಣವು ದೊಡ್ಡದೆಂದು ತೋರಿದರೂ ಈ ಕಾರ್ಯದ ವಿಸ್ತಾರಕ್ಕೆ ಅದು ಅತಿಯೆನ್ನುವಂತಿಲ್ಲ. ಇನ್ನೊಂದು ಪಕ್ಷವೂ ಉಂಟೆಂಬುದನ್ನು ಮರೆಮಾಚಬಾರದು. ಬೆಳಕಿನ ಯಂತ್ರವೇ ಬೇಡ, ಶೋರರ ಯುಕ್ತಿಗೂ ಮಣಿಯದ ಹೊಸ ಗಣಿತದ ಬೀಗಗಳೇ ಸಾಕೆಂದು ಹೇಳುವ ವಿದ್ವಾಂಸರಿದ್ದಾರೆ. ಅಂತಹ ಮೊದಲ ಬೀಗಗಳನ್ನು ಅಮೆರಿಕದ ಪ್ರಮಾಣಸಂಸ್ಥೆಯು ೨೦೨೪ರ ಆಗಸ್ಟಿನಲ್ಲಿ ಪ್ರಕಟಿಸಿತು. ಸಾಧಾರಣ ವ್ಯವಹಾರಗಳಿಗೆ ಆ ಮಾರ್ಗವೇ ಅಗ್ಗವೂ ಸುಲಭವೂ ಆದುದು. ಫೋಟಾನಿನ ಬಿಲ್ಲೆಗಳ ಉಪಯೋಗವು ಗುಪ್ತವಾರ್ತೆಗೆ ಮುಗಿಯುವುದೂ ಇಲ್ಲ. ಗಣನೆಗೂ ಅತಿ ಸೂಕ್ಷ್ಮವಾದ ಅಳತೆಗಳಿಗೂ ಅವು ಬೇಕಾಗಿವೆ.

ಈ ಸೀಮೆಯವರು ಬೆಟ್ಟದ ಸಂಪತ್ತನ್ನು ತೂಕದಲ್ಲಿ ಅಳೆದ ಕಾಲವನ್ನು ಕಂಡವರು. ಸಮೀಪದ ಕುದುರೆಮುಖದಿಂದ ಕಬ್ಬಿಣದ ಅದಿರನ್ನು ನೀರಿನಲ್ಲಿ ಕದಡಿ ಸುಮಾರು ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸಲಾಗುತ್ತಿತ್ತು. ೨೦೦೫ರ ಕೊನೆಯಲ್ಲಿ ಆ ಗಣಿಗಾರಿಕೆಯು ನಿಂತಿತು. ಆ ಕೊಳವೆಯಲ್ಲಿ ಮುಖ್ಯವಾದುದು ಎಷ್ಟು ಹರಿಯಿತೆಂಬುದು. ಬೆಳಕಿನ ಕಾಲುವೆಯಲ್ಲಿ ಮುಖ್ಯವಾದುದು ಎಷ್ಟು ಸೋರಲಿಲ್ಲವೆಂಬುದು.

ಸೋರಿಕೆಯ ಲೆಕ್ಕವು ಇಂದಿಗೂ ಸಮಾಧಾನಕರವಾಗಿಲ್ಲ. ಗಾಜಿನ ಎಳೆಯಲ್ಲಿ ೧೫ ಕಿಲೋಮೀಟರಿಗೆ ಅರ್ಧ ನಷ್ಟವಾಗುವ ಬೆಳಕು, ಸಾಮಾನ್ಯವಾದ ಸಿಲಿಕಾನ್ ಕಾಲುವೆಯಲ್ಲಿ ೧೫ ಮಿಲಿಮೀಟರಿಗೇ ಅರ್ಧ ನಷ್ಟವಾಗುತ್ತದೆ. ಕಾರಣವು ಕಾಲುವೆಯ ಪಕ್ಕದ ಗೋಡೆಗಳ ಒರಟುತನ. ಒಂದೆರಡು ನ್ಯಾನೊಮೀಟರಿನ ಏರುಪೇರುಗಳೇ ಬೆಳಕನ್ನು ಎರಚಿಬಿಡುತ್ತವೆ. ದಂಬೆಯ ಒಳಮೈಯನ್ನು ನಯವಾಗಿ ಕೆತ್ತದಿದ್ದರೆ ನೀರು ಸಿಡಿದಂತೆ. ಸಿಲಿಕಾನ್ ನೈಟ್ರೈಡಿನ ಕಾಲುವೆಗಳಲ್ಲಿ ನಷ್ಟವು ಬಹಳ ಕಡಿಮೆ, ಜಾಗರೂಕತೆಯಿಂದ ಮಾಡಿದರೆ ಬೆಳಕು ಅನೇಕ ಮೀಟರುಗಳ ವರೆಗೂ ಉಳಿಯುತ್ತದೆ. ಆದರೆ ಅಲ್ಲಿ ವಕ್ರೀಭವನಾಂಕದ ಅಂತರವು ಚಿಕ್ಕದಾದುದರಿಂದ ಬಿಗಿಯಾದ ತಿರುವುಗಳು ಸಾಧ್ಯವಾಗದೆ ಬಿಲ್ಲೆಯು ದೊಡ್ಡದಾಗುತ್ತದೆ. ಒಂದು ಕೈಯಲ್ಲಿ ಉಳಿಸಿದುದನ್ನು ಇನ್ನೊಂದು ಕೈಯಿಂದ ತೆರಬೇಕು.

ಎಲ್ಲಕ್ಕಿಂತ ಹೆಚ್ಚಿನ ಕಷ್ಟವು ಸಂದಿನಲ್ಲಿದೆ. ಹೊರಗಿನಿಂದ ಬರುವ ಗಾಜಿನ ಎಳೆಯಲ್ಲಿ ಬೆಳಕಿನ ಅಗಲವು ಸುಮಾರು ಹತ್ತು ಸಾವಿರ ನ್ಯಾನೊಮೀಟರು. ಬಿಲ್ಲೆಯ ಕಾಲುವೆಯ ಅಗಲವು ಐನೂರು. ಹೆಬ್ಬಾಗಿಲಿನಷ್ಟು ಅಗಲವಾದ ಧಾರೆಯನ್ನು ಬೆರಳಗಲದ ದಂಬೆಗೆ, ಒಂದು ಹನಿಯೂ ಚೆಲ್ಲದಂತೆ, ಇಳಿಸಿದ ಹಾಗೆ. ಕಾಲುವೆಯ ತುದಿಯನ್ನು ಕ್ರಮವಾಗಿ ಮೊನೆಯಾಗಿಸಿ ಬೆಳಕನ್ನು ಅಗಲಗೊಳಿಸುವುದು ಒಂದು ಉಪಾಯ. ಬಿಲ್ಲೆಯ ಮೇಲೆ ಗೆರೆಗಳ ಜಾಲರಿಯನ್ನು ಕೆತ್ತಿ ಮೇಲಿನಿಂದ ಬೆಳಕನ್ನು ತಿರುಗಿಸಿಕೊಳ್ಳುವುದು ಇನ್ನೊಂದು. ಜಾಲರಿಯು ಸಾಧಾರಣವಾದುದಾಗಿದ್ದರೆ ಆ ಒಂದು ಸಂದಿನಲ್ಲಿಯೇ ಅರ್ಧದಷ್ಟು ಫೋಟಾನುಗಳು ಚೆಲ್ಲಿಹೋಗುತ್ತವೆ. ಒಳಬರುವಲ್ಲಿ ಅರ್ಧ, ಹೊರಹೋಗುವಲ್ಲಿ ಅರ್ಧವಾದರೆ ನಾಲ್ಕರಲ್ಲಿ ಒಂದು ಉಳಿಯಿತು. ನಾಲ್ಕು ಫೋಟಾನುಗಳು ಒಟ್ಟಿಗೆ ದಾಟಬೇಕಾದ ಗಣನೆಯಲ್ಲಿ ಇನ್ನೂರ ಐವತ್ತಾರು ಸಲಕ್ಕೆ ಒಂದು ಸಲ ಮಾತ್ರ ನಾಲ್ಕೂ ಮುಟ್ಟುತ್ತವೆ. ಆದುದರಿಂದಲೇ ಪ್ರಯೋಗಶಾಲೆಗಳಲ್ಲಿ ತರುಣರು ಗಾಜಿನ ಎಳೆಯ ತುದಿಯನ್ನು ಬಿಲ್ಲೆಯ ಬಾಯಿಗೆ ಹಿಡಿದು, ತಿರುಪನ್ನು ಕೂದಲೆಳೆಯ ಸಾವಿರದ ಒಂದು ಪಾಲಿನಷ್ಟು ಈಚೆಗೂ ಆಚೆಗೂ ಸರಿಸುತ್ತ, ಅಳತೆಯ ಮುಳ್ಳನ್ನು ನೋಡುತ್ತ ಗಂಟೆಗಟ್ಟಲೆ ಕುಳಿತಿರುತ್ತಾರೆ. ಸರಿಯಾದ ಸ್ಥಾನವು ಸಿಕ್ಕಿದಾಗ ಅಂಟನ್ನು ಹಾಕಿ ಭದ್ರಪಡಿಸುವರು. ಅಂಟು ಒಣಗುವಾಗ ಎಳೆಯು ತುಸು ಸರಿದರೆ ಮತ್ತೆ ಮೊದಲಿನಿಂದ.